ಒಂದು ಕುಟ್ಟಿದರೆ ನಿಲ್ಲು

ಮನೆ ಸಾಮಾನು ಸಾಗಿಸುವುದು ನಮ್ಮ ಕಸುಬು. ಬೀರು ಇಳಿಸುವಾಗ ಕೆಳಗಿನ ತುದಿ ಹಿಡಿದು, ಮೆಟ್ಟಿಲಿಗೆ ಬೆನ್ನು ಹಾಕಿ ಹಿಂದುಹಿಂದಾಗಿ ಇಳಿಯುವವನು ನಾನು. ಮೇಲಿನ ತುದಿ ಭಾವನದು. ದಾರಿ ಕಾಣುವುದು ಅವರಿಗೆ ಮಾತ್ರ. ಅವರ ಕಂಚಿನ ಕಂಠವೇ ನನ್ನ ಕಣ್ಣು.

ಆ ಕಂಠ ಇದ್ದಕ್ಕಿದ್ದಂತೆ ಒಡಕು ಮಡಕೆಯಾಯಿತು. "ಅಕ್ಕನ ಜೊತೆ ಕೂಗಾಡಿ ಹೀಗಾಗಿದೆ" ಎಂದು ಚುಡಾಯಿಸಿದೆ.

"ನಮ್ಮನೇಲಿ ಕೂಗೋ ಇಲಾಖೆ ನಂದು ಕಣೋ" ಎಂದಳು ಅಕ್ಕ.

ಶುಂಠಿ, ಜೇನು, ಮೌನವ್ರತ ಎಲ್ಲ ಆಯಿತು. ಗಂಟಲು ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ಕೊನೆಗೆ ನಾನೇ ಉಪಾಯ ಹುಡುಕಿದೆ. ಭಾವ ಸಾಮಾನು ಹಿಡಿದ ಕೈಯ ಉಂಗುರದಿಂದ ಒಂದು ಸಲ ಕುಟ್ಟಿದರೆ ನಿಲ್ಲು, ಎರಡು ಸಲ ಕುಟ್ಟಿದರೆ ನಡಿ. ಕೆಲಸ ಸಲೀಸಾಯಿತು. ಕಾಯಿಲೆಯೇ ವಾಸಿಯಾದ ಹಾಗೆ ನಾನು ಬೀಗಿದೆ.

ಅಕ್ಕ ಬಿಡಲಿಲ್ಲ, ನಮ್ಮಿಬ್ಬರನ್ನೂ ಗಂಟಲಿನ ಡಾಕ್ಟರ ಬಳಿಗೆ ಅಟ್ಟಿದಳು. ಅವರು ಗಂಟಲೊಳಗೆ ಇಣುಕಿ, ಎದೆಯ ಸ್ಕ್ಯಾನ್ ಮಾಡಿಸಿ ಎಂದರು. ನನಗೆ ರೇಗಿತು.

"ಕೆಟ್ಟಿರೋದು ಗಂಟಲು ಡಾಕ್ಟ್ರೇ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು!"

ಸ್ಕ್ಯಾನ್ ನೋಡಿದ ಮೇಲೆ ಅವರು ನಿಧಾನವಾಗಿ ಹೇಳಿದರು. "ಹೃದಯದಿಂದ ಹೊರಡೋ ದೊಡ್ಡ ರಕ್ತನಾಳ ಉಬ್ಬಿದೆ. ದನಿಯ ನರ ಎದೆಗಿಳಿದು, ಆ ನಾಳಾನ ಸುತ್ತಿ ಮತ್ತೆ ಗಂಟಲಿಗೆ ಹತ್ತುತ್ತೆ. ಉಬ್ಬು ಆ ನರಾನ ಅದುಮಿದೆ. ಇವರು ಇನ್ನು ಭಾರ ಎತ್ತಲೇಬಾರದು. ನಾಳ ಒಡೆದ್ರೆ ಜೀವಕ್ಕೇ ಅಪಾಯ. ಬೇಗ ಆಪರೇಷನ್ ಆಗ್ಬೇಕು."

"ಆಮೇಲೆ ದನಿ ಬರುತ್ತಾ?" ಎಂದೆ.

"ಹೇಳಕ್ಕಾಗಲ್ಲ. ಮೊದಲು ಜೀವ ಉಳೀಲಿ."

ನನಗೆ ತಲೆಬುಡ ತಿಳಿಯಲಿಲ್ಲ. ಎದೆ ನೋಯುತ್ತಿಲ್ಲ, ಆದರೂ ಎದೆ ಕೊಯ್ಯಬೇಕು. ದನಿ ಹೋಗಿದೆ, ಅದನ್ನು ಮಾತ್ರ ಯಾರೂ ಕೇಳುವುದಿಲ್ಲ. ಅಕ್ಕ ಅತ್ತೂ ಕರೆದೂ ಭಾವನನ್ನು ಒಪ್ಪಿಸಿದಳು.

ಆಪರೇಷನ್ ದಿನ ಉಂಗುರ ಬಿಚ್ಚಿಸಿ ನನ್ನ ಕೈಗೆ ಕೊಟ್ಟರು. ನರ್ಸ್ ಗಾಲಿಮಂಚ ತಳ್ಳತೊಡಗಿದಾಗ ನಾನು ಅಭ್ಯಾಸಬಲದಿಂದ ಅದರ ಕಾಲಿನ ಕಡೆಯ ತುದಿ ಹಿಡಿದು ಹಿಂದುಹಿಂದಾಗಿ ನಡೆದೆ. ಆಪರೇಷನ್ ಕೋಣೆಯ ಬಾಗಿಲ ಹತ್ತಿರ ಭಾವ ಬರಿ ಬೆರಳ ಗೆಣ್ಣಿನಿಂದ ಮಂಚದ ಕಂಬಿಗೆ ಕುಟ್ಟಿದರು. ಒಂದೇ ಸಲ.

ನಾನು ನಿಂತೆ. ಮಂಚವೂ ನಿಂತಿತು.

"ಯಾಕ್ರೀ?" ಎಂದರು ನರ್ಸ್.

ಭಾವನ ಕಣ್ಣು ತುಂಬಿತ್ತು. ವಾಪಸು ಕರೆದುಕೊಂಡು ಹೋದರೆ ನಾಳ ಒಡೆದೀತು, ಒಳಗೆ ಕಳಿಸಿದರೆ ಏನಾದೀತೋ. ನಿಲ್ಲು ಅಂದರೆ ನಿಲ್ಲುವುದಷ್ಟೇ ನಾನು ಕಲಿತದ್ದು. ಉಂಗುರದಿಂದ ಕಂಬಿಗೆ ಕುಟ್ಟಿದೆ, ಎರಡು ಸಲ.

"ದಾರಿ ಕಾಣ್ತಿದೆಯೇನೋ?" ಭಾವನ ಗಂಟಲಿಂದ ಗಾಳಿಯಷ್ಟೇ ಬಂತು.

"ಕಾಣ್ತಿದೆ ಭಾವ" ಎಂದೆ. ನನ್ನ ಬೆನ್ನು ಬಾಗಿಲ ಕಡೆಗಿತ್ತು.