ಕಾರಂಜಿಯ ಮುಂದೆ ಹೆಣ್ಣಿನ ಕಡೆಯವರು

ಆ ಶನಿವಾರ ಬೆಳಿಗ್ಗೆ ಎವಾರಿಸ್ತೊ ವಾಕಿಂಗ್‌ಗೆಂದು ಮನೆ ಬಿಟ್ಟಾಗ ಮೈಮೇಲೆ ಕಡುನೀಲಿ ಸೂಟು, ಕುತ್ತಿಗೆಯಲ್ಲಿ ರೇಷ್ಮೆ ಟೈ, ಕಾಲಲ್ಲಿ ಮುಖ ಕಾಣುವಷ್ಟು ಪಾಲಿಶ್ ಹೊಡೆದ ಬೂಟು. ಬೀದಿ ತುದಿಯಲ್ಲಿ ಕಾಫಿ ಅಂಗಡಿ ಇಟ್ಟ ಸೆತ್ತಿಮಿಯೊ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

“ಏನ್ ಎವಾರಿಸ್ತೊ, ಪೋಪು ಹೇಳಿ ಕಳ್ಸಿದ್ರಾ?”

“ವಾಕಿಂಗ್ ಹೊರಟಿದೀನಿ ಕಣಯ್ಯಾ.”

“ಟೈ ಕಟ್ಕೊಂಡು?”

“ಗುಡ್ಡದ ಮೇಲೆ ಗಾಳಿ ಜಾಸ್ತಿ.”

ಸೆತ್ತಿಮಿಯೊ ಮುಂದೆ ಕೆದಕಲಿಲ್ಲ. ಎವಾರಿಸ್ತೊನ ತಂಗಿ ಮಗಳು ಫಿಯಮ್ಮೆತ್ತಾಳ ಮದುವೆ ಅಂದೇ ಎಂದು ರೋಮಿನ ತ್ರಾಸ್ತೆವೆರೆ ಕೇರಿಯ ಬೀದಿ ಬೆಕ್ಕುಗಳಿಗೂ ಗೊತ್ತಿತ್ತು. ಅಣ್ಣತಂಗಿಗೆ ಒಂಬತ್ತು ವರ್ಷದಿಂದ ಮಾತಿಲ್ಲ ಎನ್ನುವುದೂ ಗೊತ್ತಿತ್ತು. ಕಾರಣ ಈರುಳ್ಳಿ. ಒಂದು ಭಾನುವಾರ ತಂಗಿ ಯೋಲೆ ಪಾಸ್ತಾಕ್ಕೆ ಮಾಡಿದ ಟೊಮೆಟೊ ಗೊಜ್ಜಿಗೆ ಈರುಳ್ಳಿ ಹಾಕಿದ್ದಳು. ಇವನು ನೆಂಟರೆದುರು ತಟ್ಟೆ ದೂಡಿ, “ಅಮ್ಮ ಇದ್ದಿದ್ರೆ ಅಳ್ತಿದ್ಳು” ಅಂದಿದ್ದ. ಬೇರೆ ಊರುಗಳಲ್ಲಿ ಜನ ಆಸ್ತಿಗಾಗಿ ಮುನಿಸಿಕೊಳ್ಳುತ್ತಾರೆ. ರೋಮಿನವರಿಗೆ ಗೊಜ್ಜು ಸಾಕು.

ಲಗ್ನಪತ್ರಿಕೆಯೇನೋ ಬಂದಿತ್ತು. ಕೆಳಗೆ ಫಿಯಮ್ಮೆತ್ತಾಳ ಕೈಬರಹ: “ಮಾವ, ಬಾ.” ಅಪ್ಪನಿಲ್ಲದ ಹುಡುಗಿ, ಇವನ ಹೆಗಲ ಮೇಲೇ ಬೆಳೆದವಳು. ಆದರೂ ಯೋಲೆಯೇ ಬಾಯಿಬಿಟ್ಟು ಕರೆಯಲಿ ಎಂದು ಕಾದ. ಅವಳು ಕರೆಯಲಿಲ್ಲ. ಹೋಗದೆ ಇರಲಾರ, ತಾನಾಗಿ ಹೋದ ಅನ್ನಿಸಿಕೊಳ್ಳಲಾರ. ಕೊನೆಗೆ ಒಂದು ಉಪಾಯ ಹೊಳೆಯಿತು. ಗುಡ್ಡದ ಚರ್ಚಿನಲ್ಲಿ ಮದುವೆಯಾದವರೆಲ್ಲ ಫೋಟೊಗೆ ಮೇಲಿನ ದೊಡ್ಡ ಕಾರಂಜಿಗೆ ಬಂದೇ ಬರುತ್ತಾರೆ. ಅಲ್ಲಿ ಅಚಾನಕ್ಕಾಗಿ ಎದುರಾದರೆ ತಂಗಿ “ಅಯ್ಯೋ ಅಣ್ಣಾ” ಅನ್ನುತ್ತಾಳೆ. ಮಾನವೂ ಉಳಿಯುತ್ತದೆ, ಮದುವೆಯೂ ಸಿಗುತ್ತದೆ.

ಹತ್ತೂವರೆಗೆಲ್ಲ ಅವನು ಕಾರಂಜಿಯ ಕಟ್ಟೆಗೊರಗಿ ಪೇಪರ್ ಬಿಡಿಸಿ ನಿಂತಿದ್ದ. ಐದು ಕಮಾನುಗಳಿಂದ ನೀರು ಭೋರೆಂದು ಕೊಳಕ್ಕೆ ಬೀಳುತ್ತಿತ್ತು. ಅದರ ಮುಂದೆ ಬೇರೆ ಮದುವೆಗಳ ವಧುಗಳು ಲಂಗ ಎತ್ತಿ ಹಿಡಿದು ಸರದಿಗೆ ಕಾದಿದ್ದರು. ಎವಾರಿಸ್ತೊ ಒಂದೇ ಪುಟವನ್ನು ಒಂದೂಕಾಲು ಗಂಟೆ ಓದಿದ.

“ಓ ನೀಲಿ ಸೂಟಿನ ಯಜಮಾನ್ರೇ!” ಯಾವುದೋ ಬೇರೆ ಮದುವೆಯ ಫೋಟೊ ತೆಗೆಯುತ್ತಿದ್ದ ಹೆಂಗಸು ಕೂಗಿದಳು. “ಪೇಪರ್ ಆಮೇಲೆ ಓದಿ. ಎಲ್ಲಾ ನಿಮಗೇ ಕಾಯ್ತಿದ್ದಾರೆ!”

ಬಾಯಿ ತೆರೆಯುವುದರೊಳಗೆ ಯಾರೋ ರಟ್ಟೆ ಹಿಡಿದು ಎಳೆದರು, ಮೂರ್ನಾಲ್ಕು ಜನ ಕೆನ್ನೆಗೆ ಮುತ್ತಿಟ್ಟರು, ಇಬ್ಬರು ದಪ್ಪ ಅತ್ತೆಯರ ನಡುವೆ ಅವನನ್ನು ತುರುಕಿದರು. ಕ್ಯಾಮೆರಾ ಕಂಡೊಡನೆ ಅವನ ಹಲ್ಲು ತಾವಾಗಿಯೇ ಹೊರಬಂದವು. ಸರಿಯಾಗಿ ಆ ಗಳಿಗೆಗೆ ಫಿಯಮ್ಮೆತ್ತಾಳ ದಿಬ್ಬಣ ಏರು ಹತ್ತಿ ಬಂತು. ಮುಂದೆ ಯೋಲೆ.

ಅವಳು ನಿಂತಳು. ಸೊಂಟಕ್ಕೆ ಕೈಯಿಟ್ಟಳು.

“ನೋಡ್ರಪ್ಪಾ! ತಂಗಿ ಮಗಳ ಮದುವೆಗೆ ಪುರುಸೊತ್ತಿಲ್ಲ, ಊರವರ ಮದುವೇಲಿ ಹಲ್ಲು ಕಿರೀತಾ ನಿಂತಿದ್ದಾನೆ ನಮ್ಮಣ್ಣ!”

“ನೀವು ಹುಡುಗನ ಕಡೆಯವರಲ್ವಾ?” ಎಡಗಡೆಯ ಅತ್ತೆ ದಿಗಿಲುಬಿದ್ದಳು.

“ಹುಡುಗಿ ಕಡೆಯೋರು ಅಂತ ನಾನು ಮುತ್ತು ಬೇರೆ ಕೊಟ್ನಲ್ರೀ!” ಬಲಗಡೆಯವಳು ಕೆನ್ನೆ ಹಿಡಿದುಕೊಂಡಳು.

“ಹಾಗಾದ್ರೆ ಯಾರ ಕಡೆಯವರು ನೀವು?” ಫೋಟೊದವಳು ಕೇಳಿದಳು. ಎರಡು ಮದುವೆಗಳ ಜನ ಬಾಯಿ ಮುಚ್ಚಿ ಕಿವಿ ತೆರೆದರು.

ವಾಕಿಂಗ್‌ನ ಮಾತು ನಾಲಿಗೆಯ ತುದಿಗೆ ಬಂತು. ಹೊರಗೆ ಬರಲಿಲ್ಲ.

“ಆ ಹುಡುಗಿ ಕಡೆ,” ಎವಾರಿಸ್ತೊ ಕೈ ತೋರಿಸಿದ. “ಅವಳ ಸೋದರಮಾವ ನಾನು. ಬೆಳಿಗ್ಗೆಯಿಂದ ಅವಳಿಗೇ ಕಾಯ್ತಾ ಇದೀನಿ.”

ಎಲ್ಲರೂ ಗೊಳ್ಳೆಂದರು. ಯೋಲೆ ಮಾತ್ರ ನಗಲಿಲ್ಲ.

“ಎಷ್ಟೊತ್ತಿಂದ?”

“ಹತ್ತೂವರೆಯಿಂದ.”

“ನಾವೂ ಹತ್ತೂವರೆಯಿಂದ ಕಾದ್ವಿ, ಅಣ್ಣಾ.” ಅವಳ ದನಿ ಇಳಿದಿತ್ತು. “ಕೆಳಗೆ ಚರ್ಚಿನ ಬಾಗಿಲಲ್ಲಿ. ಮಾವ ಬಂದೇ ಬರ್ತಾನೆ, ಅಪ್ಪನ ಜಾಗದಲ್ಲಿ ಅವನ ಕೈ ಹಿಡ್ಕೊಂಡೇ ಒಳಗೆ ಹೋಗ್ತೀನಿ ಅಂತ ಇವಳು ಇಪ್ಪತ್ತು ನಿಮಿಷ ಕಾರಿಂದ ಇಳೀಲೇ ಇಲ್ಲ. ಪಾದ್ರಿಗಳು ಎರಡು ಸಲ ಹೊರಗೆ ಬಂದು ನೋಡಿದ್ರು.”

ಚರ್ಚು ಅಲ್ಲಿಂದ ಎರಡು ನಿಮಿಷದ ಇಳಿಜಾರು. ಗುಡ್ಡದ ನೆತ್ತಿಯಲ್ಲಿ ದಿನಾ ಮಧ್ಯಾಹ್ನ ಹಾರಿಸುವ ಹನ್ನೆರಡರ ತೋಪು ಹಾರಿತು, ಎಂದಿನಂತೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಎವಾರಿಸ್ತೊನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಅತ್ತೆಯರನ್ನು ಸರಿಸಿಕೊಂಡು ವಧುವಿನ ಮುಂದೆ ಬಂದು ನಿಂತ.

“ಯಾರ ಕೈ ಹಿಡ್ಕೊಂಡು ಹೋದೆ ಮಗಳೇ? ಅಮ್ಮಂದಾ?”

“ಯಾರದ್ದೂ ಇಲ್ಲ ಮಾವ. ಒಬ್ಬಳೇ ಹೋದೆ.” ಫಿಯಮ್ಮೆತ್ತಾ ಮೊಣಕೈ ಮಡಚಿ ತೋರಿಸಿದಳು. “ನೀನು ಪಕ್ಕದಲ್ಲಿದ್ದೀಯ ಅನ್ನೋ ಹಾಗೆ ಕೈ ಹೀಗೇ ಇಟ್ಕೊಂಡಿದ್ದೆ. ಪಾಪ, ಹುಡುಗಿಗೆ ಕೈ ಉಳುಕಿರಬೇಕು ಅಂದ್ಕೊಂಡ್ರು ಜನ.”

ಅವಳು ನಗುತ್ತಿದ್ದಳು. ಇವನು ಊರೆದುರು ಬಿಕ್ಕಿ ಬಿಕ್ಕಿ ಅತ್ತ. ಅಳುತ್ತಲೇ ಆ ಮಡಚಿದ ಕೈಯೊಳಗೆ ತನ್ನ ಕೈ ತೂರಿಸಿದ. ಯೋಲೆ ಬಂದು ಅವನ ಇನ್ನೊಂದು ರಟ್ಟೆಯನ್ನು ಬಿಗಿಯಾಗಿ ಹಿಡಿದಳು.

“ಬೇಗ ತೆಗೀರಿ,” ತಮ್ಮ ಕಡೆಯ ಫೋಟೊದವರಿಗೆ ಹೇಳಿದಳು. “ಇವನನ್ನು ಇಬ್ಬರು ಹಿಡ್ಕೊಂಡಿದೀವಿ.”