ಗೋಡೆಗೆ ಮುಖ ಮಾಡಿದ ಲಿಲ್ಲಿ

ಬೆಣ್ಣೆ ಸೀದ ವಾಸನೆ ಪರದೆಗೆ ಹತ್ತಿಕೊಂಡಿದೆ, ಕಿಟಕಿ ತೆಗೆದರೆ ಬೀದಿಗೆ ಇಳಿಯುತ್ತದೆ, ತೆಗೆಯದಿದ್ದರೆ ಇಲ್ಲೇ ಉಳಿಯುತ್ತದೆ, ಎರಡೂ ಅಪಾಯವೇ, ಹೊರಗೆ ಪ್ಯಾರಿಸ್ಸಿನ ಚಾವಣಿಗಳ ಮೇಲೆ ಫೆಬ್ರವರಿಯ ಬೆಳಕು ಹಾಲಿನ ಕೆನೆಯಂತೆ ಕುಳಿತಿದೆ — ಫೆಬ್ರವರಿ ಅನ್ನಬಾರದು, ಗಣರಾಜ್ಯದವರು ಪಂಚಾಂಗದಿಂದ ಆ ತಿಂಗಳನ್ನೇ ತೆಗೆದುಹಾಕಿದ್ದಾರೆ, ಇದು ಈಗ ಮಳೆಯ ತಿಂಗಳು — ಮೆಟ್ಟಿಲ ಮೇಲೆ ಮರದ ಜೋಡುಗಳ ಸದ್ದು, ತಪಾಸಣೆಯವರು, ಬರಲಿ, ನಮ್ಮ ಅಗ್ಗಿಷ್ಟಿಕೆ ಸಿದ್ಧವಾಗಿದೆ, ಬೆಂಕಿಯ ಹಿಂದೆ ನಿಂತ ಎರಕದ ಕಬ್ಬಿಣದ ಹಲಗೆಯನ್ನು ನಾನೂ ಅತ್ತೆಯೂ ಏದುಸಿರು ಬಿಡುತ್ತ ತಿರುಗಿಸಿಟ್ಟೆವು, ಬೀದಿಯ ಎಲ್ಲ ಮನೆಗಳಲ್ಲೂ ಹಾಗೆಯೇ, ಆಜ್ಞೆಯಾಗಿದೆ, ರಾಜನ ಗುರುತು ಎಲ್ಲೂ ಕಾಣಬಾರದು, ಹಲಗೆಯ ಮೇಲಿನ ರಾಜನ ಮೂರು ಲಿಲ್ಲಿ ಹೂಗಳು ಈಗ ಗೋಡೆಗೆ ಮುಖ ಮಾಡಿ ಕತ್ತಲಲ್ಲಿ ಕಾಯುತ್ತಿವೆ, ಕಾನ್ವೆಂಟಿನಲ್ಲಿ ನನ್ನನ್ನು ನಿಲ್ಲಿಸಿದ್ದರಲ್ಲ ಹಾಗೆ, ಪ್ರಾರ್ಥನೆಯ ಪುಸ್ತಕದೊಳಗೆ ಇನ್ನೊಂದು ಪುಸ್ತಕ ಇಟ್ಟು ಓದಿದ್ದಕ್ಕೆ, ಯಾರೂ ಇನ್ನೊಬ್ಬರ ಒಡೆಯರಾಗಿ ಹುಟ್ಟುವುದಿಲ್ಲ ಎಂಬಂಥ ಮಾತುಗಳಿದ್ದ ಪುಸ್ತಕ, ಮೂಗಿಗೆ ಗೋಡೆಯ ಸುಣ್ಣ ತಾಗುತ್ತಿತ್ತು, ನಾಲಿಗೆಯ ಮೇಲೆ ಆ ಮಾತು ಜೇನಿನಂತೆ ಕರಗುತ್ತಿತ್ತು, ಅಪ್ಪನ ಪುಸ್ತಕದಂಗಡಿಯಿಂದ ಕದ್ದು ತಂದದ್ದು, ಅಪ್ಪನನ್ನು ಕರೆದೊಯ್ದವರ ಕೈಯಲ್ಲೂ ಒಂದು ಕಾಗದವಿತ್ತು, ಯಾಕೆ ಎಂದು ಅಮ್ಮ ಕೇಳಿದಳು, ರಾಜರ ಇಷ್ಟ, ತಾಯಿ, ಅಂದರು, ಅಷ್ಟೇ, ಕೆಂಪು ಮೇಣದ ಮುದ್ರೆಯಲ್ಲಿ ಅದೇ ಹೂ, ಎಷ್ಟು ಚೆಂದವಾಗಿತ್ತು, ಮುಟ್ಟಬೇಕೆನಿಸಿತ್ತು ನನಗೆ, ಅಪ್ಪ ತಿರುಗಿ ಬರಲಿಲ್ಲ, ಅವನನ್ನು ಇಟ್ಟಿದ್ದ ಸೆರೆಮನೆಯ ಕೋಟೆ ಒಡೆದ ದಿನ ನಾನು ಬೀದಿಯಲ್ಲಿ ಕುಣಿದೆ, ಗೊತ್ತಿಲ್ಲದವರನ್ನೆಲ್ಲ ತಬ್ಬಿಕೊಂಡೆ, ನಾಗರಿಕಳೇ, ಬಾಗಿಲು ತೆಗಿ, ಇದು ಬರ್ನಾಬೆಯ ದನಿ.

ಬರ್ನಾಬೆ ಒಂದು ಕಾಲಕ್ಕೆ ದೊಡ್ಡಮನೆಯವರಿಗೆ ವಿಗ್ ಹೆಣೆಯುತ್ತಿದ್ದವನು, ಈಗ ನಮ್ಮ ಬೀದಿಯ ಕಾವಲು ಸಮಿತಿಯವನು, ಬನ್ನಿ ಮೊಸಿಯೊ ಬನ್ನಿ ಅನ್ನುತ್ತಾಳೆ ಅತ್ತೆ, ಅಯ್ಯೋ, ಮೊಸಿಯೊ ಸ್ವಾಮಿ ಎಂದೆಲ್ಲ ಅನ್ನುವ ಹಾಗಿಲ್ಲ ಈಗ, ನೀವು ಅನ್ನುವುದೂ ಇಲ್ಲ, ಎಲ್ಲರಿಗೂ ಎಲ್ಲರೂ ನೀನು, ಅವನು ನಗುತ್ತಾನೆ, ಏನಜ್ಜಿ, ಬನ್ನಿ ಅಂತೀಯಲ್ಲ, ನಾನೇನು ಡ್ಯೂಕಾ, ಅತ್ತೆ ಬಿಡುತ್ತಾಳೆಯೇ, ಡ್ಯೂಕರ ಬೋಳು ಮುಚ್ಚಿದೋನು ನೀನೇ ಅಲ್ವೇನೋ, ಈಗ ನೋಡು, ಅವರಿಗೆ ತಲೆ ಇಲ್ಲ, ನಿನಗೆ ಕೆಲಸ ಇಲ್ಲ, ಅವನು ಇನ್ನೂ ನಗುತ್ತಿದ್ದಾನೆ, ಕೋಲಿನಿಂದ ಹಲಗೆಯನ್ನು ತಟ್ಟುತ್ತಾನೆ, ಟಣ್, ಸರಿಯಾಗಿ ತಿರುಗಿಸಿದ್ದೀಯ ಅಪೊಲಿನ್, ಒಳ್ಳೇದು, ಅನ್ನುತ್ತಾನೆ ನನಗೆ, ಹಾಸಿಗೆ ಹೊದಿಕೆಯ ಕಸೂತಿ ಬಿಚ್ಚಿದ್ದೇನೆ, ಇಸ್ಪೀಟಿನ ರಾಜರ ಕಿರೀಟ ಕೆರೆದಿದ್ದೇನೆ, ಎಲ್ಲವನ್ನೂ ಮಾಡಿದ್ದೇನೆ, ಎಲ್ಲವನ್ನೂ, ಮೇಜಿನ ಮೇಲೆ ಬಿಳಿ ಬಟ್ಟೆ ಹೊದ್ದ ತಟ್ಟೆಯ ಕಡೆ ನೋಡಬಾರದು, ನೋಡಬಾರದು, ಬೆಳಿಗ್ಗೆ ಅತ್ತೆ ಅಂದಿದ್ದಳು, ಇವತ್ತು ಮೇಣದಬತ್ತಿ ಹಬ್ಬ ಕಣೇ, ಸಿಹಿ ಬಿಲ್ಲೆ ಸುಡೋ ದಿನ, ದೇವರನ್ನ ಓಡಿಸಿದ್ದಾರೆ ಸರಿ, ನಾಲಿಗೇನೂ ಓಡಿಸಿಬಿಟ್ರಾ, ಉಳಿಸಿದ್ದ ಹಿಟ್ಟು, ಒಂದೇ ಮೊಟ್ಟೆ, ಬಾಗಿಲ ಹಿಂದಿನ ಮೊಳೆಯಿಂದ ಅಮ್ಮನ ಉದ್ದ ಹಿಡಿಯ ಅಚ್ಚು ತೆಗೆದೆ, ವರ್ಷವರ್ಷವೂ ತೆಗೆದ ಹಾಗೆ, ಎರಡು ಕಬ್ಬಿಣದ ತಟ್ಟೆಗಳ ನಡುವೆ ಹಿಟ್ಟು ಚುಂಯ್ ಎಂದಿತು, ಒಂದೊಂದೇ ಬಿಲ್ಲೆ ತೆಳ್ಳಗೆ ಹೊಂಬಣ್ಣಕ್ಕೆ ಬಂತು, ಹಾಡು ಗುನುಗುತ್ತಿದ್ದೆ, ಈಗಷ್ಟೇ ಬಟ್ಟೆ ಹೊದಿಸುವಾಗ ಕಂಡಿತು, ಪ್ರತಿ ಬಿಲ್ಲೆಯ ಮೇಲೂ, ನಡುವೆ, ಅರಳಿಕೊಂಡು, ಅಚ್ಚಿನೊಳಗೆ ಕೆತ್ತಿದ್ದ ಲಿಲ್ಲಿ — ಹುಟ್ಟಿದಾಗಿನಿಂದ ತಿನ್ನುತ್ತಿದ್ದೆನಲ್ಲ, ಕಣ್ಣು ಅದನ್ನು ಹೂ ಎಂದು ನೋಡುವುದನ್ನೇ ಬಿಟ್ಟಿತ್ತು, ಅದು ಬರೀ ರುಚಿಯಾಗಿತ್ತು, ಕೆಳಮನೆಯಲ್ಲಿ ಕೈಚೀಲ ಹೊಲಿಯುತ್ತಿದ್ದ ವಿಧವೆಯನ್ನು ಕರೆದೊಯ್ದದ್ದು ಒಂದು ಗುಂಡಿಗಾಗಿ, ಸತ್ತ ಗಂಡನ ಕೋಟಿನ ಗುಂಡಿ, ಅದರ ಮೇಲೆ ಇದೇ ಹೂ, ಅವಳು ಬಂಡಿ ಹತ್ತುವಾಗ ಯಾಕೆ ಎಂದು ಕೇಳುತ್ತಲೇ ಇದ್ದಳು, ಈಗ ನನ್ನ ಸರದಿಯೋ, ನನ್ನ ಗಂಡ ಗಡಿಯಲ್ಲಿ ಗಣರಾಜ್ಯಕ್ಕಾಗಿ ಬಂದೂಕು ಹಿಡಿದಿದ್ದಾನೆ, ನಾನು ಹೋದರೆ ಅವನ ಈ ಮುದಿ ತಾಯಿಗೆ ರೊಟ್ಟಿಯ ಸಾಲಲ್ಲಿ ನಿಲ್ಲುವವರು ಯಾರು.

ಏನೋ ಘಮಘಮ ಅಂತಿದೆಯಲ್ಲ, ಬರ್ನಾಬೆ ಮೂಗು ಎತ್ತುತ್ತಾನೆ, ಏನಿಲ್ಲ, ಸೀದುಹೋಯ್ತು ಅನ್ನುತ್ತೇನೆ, ನನ್ನ ದನಿ ನೀರೊಳಗಿನಿಂದ ಬಂದ ಹಾಗೆ, ಅವನ ಕೈ ಬಟ್ಟೆಯ ತುದಿ ಹಿಡಿದು ನಿಧಾನವಾಗಿ, ವಧುವಿನ ಮುಸುಕು ಸರಿಸುವಂತೆ, ಸರಿಸುತ್ತದೆ, ಒಂದು ಬಿಲ್ಲೆ ಎತ್ತಿ ಕಿಟಕಿಯ ಬೆಳಕಿಗೆ ಹಿಡಿಯುತ್ತಾನೆ, ಬೆಳಕು ಹಿಟ್ಟನ್ನು ದಾಟಿ ಬರುತ್ತದೆ, ಹೂ ಉರಿಯುತ್ತದೆ, ಆ ಮೇಣದ ಮುದ್ರೆಯಲ್ಲಿ ಉರಿದ ಹಾಗೆ, ತಿನ್ನೋ ಮಾರಾಯ, ನೋಡ್ತಾ ನಿಂತ್ರೆ ಮೆತ್ತಗಾಗುತ್ತೆ, ಅನ್ನುತ್ತಾಳೆ ಅತ್ತೆ, ಅವಳಿಗೆ ಏನೂ ಕಂಡಿಲ್ಲ, ಕಣ್ಣಿಗೆ ಪೊರೆ, ಕಟುಂ, ಒಂದು ದಳ ಹೋಯಿತು, ಅವನು ಅಗಿಯುತ್ತಾನೆ, ನನ್ನನ್ನೇ ನೋಡುತ್ತಾನೆ, ಬೆಣ್ಣೆ ಚೆನ್ನಾಗಿದೆ ಅಪೊಲಿನ್, ಇನ್ನೊಂದು ತಗೊಳ್ಳಲಾ, ಮನೆಯವಳಿಗೆ, ಅವಳೂ ಇಂಥದ್ದೇ ಮಾಡ್ತಿದ್ದಳು, ತಗೋ ಅನ್ನುತ್ತೇನೆ, ಕರವಸ್ತ್ರ ಬಿಡಿಸಿ, ಮುರಿಯದ ಹಾಗೆ, ಕೂಸನ್ನು ಸುತ್ತುವ ಹಾಗೆ ಸುತ್ತಿ ಜೇಬಿನಲ್ಲಿ ಇಟ್ಟುಕೊಳ್ಳುತ್ತಾನೆ, ಬರ್ತೀನಜ್ಜಿ, ಬಾಗಿಲು, ಮೆಟ್ಟಿಲು, ಮರದ ಜೋಡುಗಳು, ಒಳ್ಳೇ ಹುಡುಗ ಅನ್ನುತ್ತಾಳೆ ಅತ್ತೆ, ಹೌದು, ಒಳ್ಳೆಯವನು, ಹೆಂಡತಿಗಾಗಿ ಒಯ್ದ — ಹೆಂಡತಿ, ಹೋದ ಚಳಿಗಾಲ ಕೆಸರಿನಲ್ಲಿ ಅವಳ ಶವಪೆಟ್ಟಿಗೆಯ ಹಿಂದೆ ನಾನೇ ನಡೆದಿದ್ದೆನಲ್ಲ, ಅವನು ಅಳುತ್ತಿದ್ದ, ನಾನು ತೋಳು ಹಿಡಿದಿದ್ದೆ — ಹಾಗಾದರೆ ಅವಳ ನೆನಪಿಗೆ ಒಬ್ಬನೇ ಕೂತು ತಿನ್ನುತ್ತಾನೋ, ಸಮಿತಿಯ ಮೇಜಿನ ಮೇಲೆ ಬಿಡಿಸಿ ಇಡುತ್ತಾನೋ, ಕಿಟಕಿಯಿಂದ ಅವನ ಬೆನ್ನು ಕಾಣುತ್ತದೆ, ತಿರುವಿನಲ್ಲಿ ನಿಂತಿದ್ದಾನೆ, ಎಡಕ್ಕೆ ಅವನ ಮನೆ, ಬಲಕ್ಕೆ ಸಮಿತಿ, ನಿಂತೇ ಇದ್ದಾನೆ, ಕೈ ಜೇಬಿನ ಮೇಲಿದೆ, ಜೇಬಿನ ಕತ್ತಲಲ್ಲಿ, ಇನ್ನೂ ಬೆಚ್ಚಗೆ, ಒಂದು ದಳವೂ ಮುರಿಯದ ಲಿಲ್ಲಿ, ಲಿಲ್ಲಿ