ಬೇವೋ ಮಾವೋ

ನಮ್ಮ ಬೇಕರಿಯ ಒಲೆಗೆ ಸೌದೆ ಬರುವುದು ಕೆಡವಿದ ಮನೆಗಳಿಂದ. ತೊಲೆ, ಬಾಗಿಲ ಚೌಕಟ್ಟು, ಕಾಲು ಮುರಿದ ಬೆಂಚು. ವರ್ಷಗಟ್ಟಲೆ ಎಣ್ಣೆ, ಬಣ್ಣ, ಹೊಗೆ ಕುಡಿದು ಎಲ್ಲಕ್ಕೂ ಒಂದೇ ಕಪ್ಪು. ಅದರಲ್ಲಿ ಬೇವಿನ ತುಂಡೊಂದು ಸೇರಿಕೊಂಡರೆ ಮುಗಿಯಿತು, ಅದರ ಹೊಗೆಗೆ ಅಷ್ಟೂ ಬ್ರೆಡ್ಡು ಕಹಿ.

ಅದನ್ನು ತಡೆಯಲಿಕ್ಕೇ ನನ್ನಮ್ಮ ಇರುವುದು. ಮರ ಕೊಯ್ಯುವ ಸಾಮಿಲ್ಲಿನಲ್ಲಿ ಮೂವತ್ತು ವರ್ಷ ದುಡಿದವಳು. ದಿನಾ ಬೆಳಿಗ್ಗೆ ಹಿತ್ತಲಲ್ಲಿ ನಾನು ಮಚ್ಚಿನಿಂದ ತುಂಡಿನ ಮೈ ಕೆತ್ತಿ ಕೊಡುತ್ತೇನೆ. ಅವಳು ಮೂಗಿಗೆ ಹಿಡಿದು "ಮಾವು, ಒಲೆಗೆ ಹಾಕು" ಎಂದೋ "ಬೇವು, ಆಚೆ ಎಸಿ" ಎಂದೋ ತೀರ್ಪು ಕೊಡುತ್ತಾಳೆ. ಅವಳ ಮಾತಿಗೆ ಎದುರಿಲ್ಲ.

ಈ ವಾರ ಎರಡು ಸಲ ಬ್ರೆಡ್ಡು ಕಹಿಯಾಯಿತು. ಗಿರಾಕಿಗಳು ತಂದು ಮೇಜಿನ ಮೇಲೆ ಕುಕ್ಕಿ ಹೋದರು. ನನ್ನ ಗಂಡ ಹಿಟ್ಟಿನ ಕೈಯಲ್ಲೇ ಹೇಳಿಬಿಟ್ಟ: "ಅತ್ತೆಗೆ ವಯಸ್ಸಾಯ್ತು ಕಣೆ. ಇನ್ನು ಮನೇಲಿ ಕೂರ್ಲಿ."

ಈ ವಾರವಿಡೀ ನೆಗಡಿಯಾಗಿ ನನಗೂ ತಲೆ ಕೆಟ್ಟಿತ್ತು. ಸೀದಾ ಹಿತ್ತಲಿಗೆ ಹೋಗಿ, ಅವಳು ಬೇವೆಂದು ಹೋದ ವಾರ ಎಸೆದಿದ್ದ ತುಂಡನ್ನೇ ಎತ್ತಿ, ಹೊಸದಾಗಿ ಕೆತ್ತಿ, ಅವಳ ಮೂಗಿಗೆ ಹಿಡಿದೆ.

"ಮಾವು," ಅಂದಳು.

"ಅಮ್ಮಾ, ಇದನ್ನ ಬೇವು ಅಂತ ಎಸೆದವಳು ನೀನೇ!"

ಅಮ್ಮ ತುಂಡನ್ನು ಮಡಿಲಲ್ಲಿ ಇಟ್ಟುಕೊಂಡಳು. ಆಮೇಲೆ ಹೇಳಿದಳು: "ಆಚೆ ವರ್ಷ ಜ್ವರ ಬಂತಲ್ಲ, ಆಗ್ಲೇ ಮೂಗು ಹೋಯ್ತು. ಏನೂ ವಾಸ್ನೆ ಬರಲ್ಲ."

"ಮತ್ತೆ ಇಷ್ಟು ದಿನ ಹೇಗೆ ಹೇಳ್ತಿದ್ದೆ?"

"ಹಲಸು, ತೇಗ ತೂಕದಲ್ಲೇ ಗೊತ್ತಾಗತ್ತೆ. ಮಾವಿಗೂ ಬೇವಿಗೂ ಒಂದೇ ತೂಕ, ಬೇವು ಮಾತ್ರ ನಿನ್ನ ಮುಖ ನೋಡಿ ಹೇಳ್ತಿದ್ದೆ. ಬೇವು ಕೆತ್ತುವಾಗ ನಿನ್ನ ಮೂಗು ಸೊಟ್ಟಗಾಗತ್ತೆ, ಚಿಕ್ಕ ವಯಸ್ಸಿಂದ್ಲೂ. ಈ ವಾರ ಮುಖ ಅಲ್ಲಾಡಲೇ ಇಲ್ಲ."

ನನ್ನ ಕೋಪ ಎಲ್ಲಿ ಹೋಯಿತೋ. "ಮೊದಲೇ ಹೇಳಬಾರದಿತ್ತಾ?"

"ಹೇಳಿದ್ರೆ ದಿನಾ ನನ್ನ ಯಾಕೆ ಕರೀತಿದ್ದೆ?"

ಅವಳು ಹೇಳಿದ್ದು ನಿಜ. ಮರ ಗುರುತಿಸುವ ಕೆಲಸವಿಲ್ಲದಿದ್ದರೆ ಅವಳನ್ನು ಮಾತಾಡಿಸಲು ನಾನು ಬಿಡುವು ಮಾಡಿಕೊಳ್ಳುತ್ತಿರಲಿಲ್ಲ. ನಾಚಿಕೆಯಾಯಿತು.

ಅಷ್ಟರಲ್ಲಿ ಗಂಡ ಬಾಗಿಲಿಗೆ ಬಂದ. "ಏನಂತೆ? ಅತ್ತೆಗೆ ಹೇಳಿದ್ಯಾ?"

ಅಮ್ಮ ತಲೆ ಎತ್ತಲಿಲ್ಲ.

"ತಪ್ಪು ಅಮ್ಮಂದಲ್ಲ," ಅಂದೆ. "ನನಗೆ ನೆಗಡಿ."

"ನಿನಗೆ ನೆಗಡಿ ಆದ್ರೆ ಅತ್ತೆಗೆ ಗುರುತು ಹೇಗೆ ತಪ್ಪತ್ತೆ?"

"ತಪ್ಪತ್ತೆ. ವಾಸಿ ಆಗೋವರೆಗೂ ಅಮ್ಮ ಬೇರೆ ಇಟ್ಟಿರೋ ಹಲಸಿನ ರಾಶಿ ಉರಿಸು. ಆಮೇಲೆ ಸೌದೆ ಮುಂದೆ ನಾವಿಬ್ರೂ ಕೂತ್ಕೋತೀವಿ."

ಅವನು ಏನೂ ಅರ್ಥವಾಗದೆ ಒಳಗೆ ಹೋದ. ಅಮ್ಮ ಸೆರಗಿನಿಂದ ನನ್ನ ಮೂಗು ಒರೆಸಿದಳು. ನಲವತ್ತೆರಡು ವರ್ಷದವಳು ನಾನು, ಒರೆಸಿಸಿಕೊಂಡೆ.